ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಆಟಗಾರರಲ್ಲಿ ಯಾರು ದೊಡ್ಡವರು ಅನ್ನೋದನ್ನ ಚಾಂಪಿಯನ್‌ಶಿಪ್ ಎಣಿಸಿ ಹೇಳಬಹುದಾ?

ಬರೀ ಅದರಿಂದ ಆಗಲ್ಲ. ಮೈಕಲ್ ಜೋರ್ಡನ್‌ಗೆ 6, ಲೆಬ್ರಾನ್ ಜೇಮ್ಸ್‌ಗೆ 4, ಅಲ್ಲಿಗೆ ವಾದ ಮುಗಿಯಿತು ಅಂತ ಜನ ಸುಲಭವಾಗಿ ಹೇಳ್ತಾರೆ. ಆದರೆ ಒಮ್ಮೆಯೂ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆ) ಆಗದ ರಾಬರ್ಟ್ ಹೋರಿ 7 ಸಲ ಗೆದ್ದಿದ್ದಾರೆ. ಅವರು ಜೋರ್ಡನ್‌ಗಿಂತ ದೊಡ್ಡವರಾ? ಯಾರೂ ಹಾಗೆ ಹೇಳಲ್ಲ ಅಲ್ವಾ.

ನನ್ನನ್ನ ಕೇಳಿದರೆ 1969ರ ಫೈನಲ್ಸ್ (ಏಳು ಪಂದ್ಯದವರೆಗೂ ಹೋಗಬಹುದಾದ ಅಂತಿಮ ಸರಣಿ) ನೋಡಿ. ಲೇಕರ್ಸ್ ತಂಡದ ಜೆರ್ರಿ ವೆಸ್ಟ್ ಏಳನೇ ಪಂದ್ಯದಲ್ಲಿ 42 ಪಾಯಿಂಟ್ ಹೊಡೆದರು, ಆದರೂ ತಂಡ ಬರೀ 2 ಪಾಯಿಂಟ್‌ನಿಂದ ಸೋತಿತು. ಫೈನಲ್ಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಮಾತ್ರ ಅವರಿಗೇ ಸಿಕ್ಕಿತು. ಸೋತ ತಂಡದವರಿಗೆ ಅದು ಬಂದದ್ದು ಇವತ್ತಿನವರೆಗೂ ಅದೊಂದೇ ಸಲ. ಆ ಎರಡು ಪಾಯಿಂಟ್ ಆಚೆ ಈಚೆ ಆಗಿದ್ದರೆ ವೆಸ್ಟ್ ಬೇರೆ ಆಟಗಾರ ಆಗಿಬಿಡ್ತಿದ್ದರಾ?

ಕಾಲದ ಹೋಲಿಕೆ ಇನ್ನೂ ಕಷ್ಟ. ಬಿಲ್ ರಸೆಲ್ 13 ಸೀಸನ್‌ನಲ್ಲಿ 11 ಸಲ ಗೆದ್ದರು. ಅವರು 1957ರಲ್ಲಿ ಮೊದಲ ಸಲ ಗೆದ್ದಾಗ ಲೀಗ್‌ನಲ್ಲಿ ಇದ್ದದ್ದು 8 ತಂಡ, ಈಗ 30. ಹಾಗಂತ ಆಗ ಸುಲಭ ಇತ್ತು ಅನ್ನೋದೂ ತಪ್ಪು, ತಂಡ ಕಡಿಮೆ ಇದ್ದರೆ ಒಳ್ಳೆ ಆಟಗಾರರೆಲ್ಲ ಅಷ್ಟರಲ್ಲೇ ಇರ್ತಾರೆ, ಪದೇಪದೇ ಅವರನ್ನೇ ಎದುರಿಸಬೇಕು. ನಿಯಮಗಳೂ ಬದಲಾಗಿವೆ: ದೂರದಿಂದ ಹಾಕಿದ ಬಾಸ್ಕೆಟ್‌ಗೆ ಮೂರು ಪಾಯಿಂಟ್ ಕೊಡುವ ಗೆರೆ ಎನ್‌ಬಿಎಗೆ ಬಂದದ್ದೇ 1979ರಲ್ಲಿ. ಅದಕ್ಕೇ ನಾನು ಒಬ್ಬೊಬ್ಬರನ್ನೂ ಅವರ ಕಾಲದ ಎದುರಾಳಿಗಳ ಜೊತೆಗಿಟ್ಟೇ ಅಳೆಯುತ್ತೇನೆ.