ಚಳಿಗಾಲದಲ್ಲಿ ಬಿರಿಯುವ ಚರ್ಮಕ್ಕೆ ಅರೋಮಾಥೆರಪಿ ಎಣ್ಣೆ ಹಚ್ಚಿದರೆ ಗುಣವಾಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೆಲಸದ ಮೇಲೆ ಬೆಂಗಳೂರಿನಿಂದ ವಿಜಯಪುರಕ್ಕೆ ಬಂದಿದ್ದೀರಿ. ಡಿಸೆಂಬರ್ ಬಂತೆಂದರೆ ಮೊಣಕಾಲಿನ ಕೆಳಗೆಲ್ಲ ಚರ್ಮ ಬೆಳ್ಳಗೆ ಬಿರಿದು ಉದುರುತ್ತದೆ. ಲ್ಯಾವೆಂಡರ್, ಟೀ ಟ್ರೀ, ಶ್ರೀಗಂಧ ಮೂರೂ ಇರುವ ಕಿಟ್ ಒಂದನ್ನು ನೋಡಿಟ್ಟಿದ್ದೀರಿ. ಅದನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚಬಹುದಾ ಅಂತ ಕೇಳಿದ್ದೀರಿ.

ಹಚ್ಚಬಹುದು. ಆದರೆ ಕೆಲಸ ಮಾಡುವುದು ಕೊಬ್ಬರಿ ಎಣ್ಣೆ, ಹೆಸರು ಬರುವುದು ಲ್ಯಾವೆಂಡರ್‌ಗೆ. ಲ್ಯಾವೆಂಡರಿನಂಥ ಎಸೆನ್ಷಿಯಲ್ ಆಯಿಲ್, ಅಂದರೆ ಗಿಡದಿಂದ ತೆಗೆದ ಸುವಾಸನೆಯ ಸಾರ, ಅಡುಗೆ ಎಣ್ಣೆಯಂಥ ಜಿಡ್ಡಲ್ಲ. ಒಂದು ಹನಿ ಲ್ಯಾವೆಂಡರನ್ನು ಬಿಳಿ ಹಾಳೆಯ ಮೇಲೆ ಹಾಕಿ, ಪಕ್ಕದಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ನೋಡಿ. ಲ್ಯಾವೆಂಡರ್ ಆರಿಹೋಗುತ್ತದೆ, ಕೊಬ್ಬರಿ ಎಣ್ಣೆಯ ಕಲೆ ಹಾಗೇ ಉಳಿಯುತ್ತದೆ. ಒಣ ಚರ್ಮಕ್ಕೆ ಬೇಕಾಗಿರುವುದು ಆ ಉಳಿಯುವ ಜಿಡ್ಡು.

ನಾನು ಇದೇ ಜಿಲ್ಲೆಯವಳು. ಇಲ್ಲಿನ ಚಳಿಗಾಲದ ಗಾಳಿ ಬೆಂಗಳೂರಿನದಕ್ಕಿಂತ ಒಣ. ಅದು ಚರ್ಮದ ನೀರನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ನಾವು ಸುಡುಸುಡು ನೀರು ಹೊಯ್ದುಕೊಂಡು, ಮೈತುಂಬ ಸೋಪು ತಿಕ್ಕಿ, ಇದ್ದಬದ್ದ ಜಿಡ್ಡನ್ನೂ ತೊಳೆದುಬಿಡುತ್ತೇವೆ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹಾರಿಹೋಗದಂತೆ ತಡೆಯುತ್ತದೆ ಅಷ್ಟೇ. ಹಾಗಾಗಿ ಯಾವ ಎಣ್ಣೆ ಅನ್ನುವುದಕ್ಕಿಂತ ಯಾವಾಗ ಹಚ್ಚುತ್ತೀರಿ ಅನ್ನುವುದು ಮುಖ್ಯ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ. ಕಾಲಿಗೆ ದಿನಾ ಸೋಪು ಬೇಡ. ಟವೆಲಿನಿಂದ ಒತ್ತಿ ಒರೆಸಿ, ಚರ್ಮ ಇನ್ನೂ ಹಸಿ ಇರುವಾಗಲೇ ನಾಲ್ಕೈದು ಹನಿ ಎಣ್ಣೆ ಸವರಿ. ದೀಪಾವಳಿಯ ಎಣ್ಣೆಸ್ನಾನದ ಸುಖ ಬೇರೆ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಎಣ್ಣೆ ಹಚ್ಚಿ ಆಮೇಲೆ ಕಡಲೆಹಿಟ್ಟು, ಸೀಗೆಕಾಯಿ ಹಾಕಿ ತಿಕ್ಕಿದರೆ ಕಾಲಿನ ಮೇಲೆ ಉಳಿಯುವುದು ಕಡಿಮೆ.

ಈಗ ಎಣ್ಣೆಯ ವಿಷಯ. ನೀವು ಸರಿಯಾದ ಊರಿಗೇ ಬಂದಿದ್ದೀರಿ! ಈ ಕಡೆ ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ಕುಸುಬೆ ಬೆಳೆಯುತ್ತಾರೆ. ನಮ್ಮಲ್ಲಿ ಕುಸುಬಿ ಅಂತೇವೆ. ಕುಸುಬೆ ಎಣ್ಣೆಯಲ್ಲಿ ಸಾಮಾನ್ಯವಾಗಿ 70 ಶೇಕಡಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ ಇರುತ್ತದೆ. ನಮ್ಮ ಚರ್ಮದ ಮೇಲ್ಪದರ ನೀರು ಹಿಡಿದಿಡುವ ತನ್ನ ಜಿಡ್ಡನ್ನು ಕಟ್ಟಿಕೊಳ್ಳಲು ಬಳಸುವುದು ಇದನ್ನೇ. ಸೂರ್ಯಕಾಂತಿ ಎಣ್ಣೆಯಲ್ಲೂ ಇದು ಜಾಸ್ತಿ. ಗಾಣದಿಂದ ಚಿಕ್ಕ ಬಾಟಲಿ ತನ್ನಿ. ಬೇಗ ಕಮಟು ವಾಸನೆ ಬರುವ ಎಣ್ಣೆ ಇದು, ಲೀಟರುಗಟ್ಟಲೆ ತಂದಿಡಬೇಡಿ. ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಇಲ್ಲಿನ ಜನವರಿ ಬೆಳಿಗ್ಗೆ ಬಾಟಲಿಯಿಂದ ಹೊರಗೆ ಬರುವುದೇ ಇಲ್ಲ. ಆಲಿವ್ ಎಣ್ಣೆಗೆ ದುಡ್ಡು ಹಾಕಬೇಡಿ. ಅದರಲ್ಲಿ ಹೆಚ್ಚಿರುವುದು ಓಲಿಕ್ ಆಮ್ಲ, ಅದು ಒಣ ಚರ್ಮದ ಮೇಲ್ಪದರವನ್ನು ಇನ್ನಷ್ಟು ಸಡಿಲ ಮಾಡಬಹುದು. ಸಾಸಿವೆ ಎಣ್ಣೆ ಕೆಲವರಿಗೆ ಉರಿ ತರುತ್ತದೆ. ಹಿಮ್ಮಡಿ ಒಡೆದಿದ್ದರೆ ಇವೆಲ್ಲಕ್ಕಿಂತ ಸಾದಾ ಪೆಟ್ರೋಲಿಯಂ ಜೆಲ್ಲಿ ಮೇಲು. ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ.

ಹಾಗಾದರೆ ಸುವಾಸನೆಯ ಎಣ್ಣೆ ಪೂರ್ತಿ ದಂಡವಾ? ಇಲ್ಲ. ಒಣ ಚರ್ಮದ ತುರಿಕೆ ರಾತ್ರಿ ಹೊತ್ತು ಜಾಸ್ತಿ ಕಾಡುತ್ತದೆ, ಮನಸ್ಸಿಗೆ ಕಿರಿಕಿರಿ ಇದ್ದರಂತೂ ಇನ್ನೂ ಜಾಸ್ತಿ. ಮಲಗುವ ಮುಂಚೆ ಲ್ಯಾವೆಂಡರ್ ಘಮ ಇದ್ದರೆ ನನಗೆ ಹಾಯೆನಿಸುತ್ತದೆ, ನಿಮಗೂ ಅನಿಸಬಹುದು. 30 ಮಿಲಿ ಕುಸುಬೆ ಎಣ್ಣೆಗೆ ಆರು ಹನಿ ಸಾಕು, ಅದು ಸುಮಾರು ಒಂದು ಶೇಕಡ ಆಗುತ್ತದೆ. ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಬಿರಿದು ರಕ್ತ ಬಂದ ಜಾಗಕ್ಕೆ ಹಚ್ಚಲೇಬೇಡಿ. ಬಾಟಲಿ ತೆಗೆದು ತುಂಬಾ ದಿನವಾಗಿದ್ದರೂ ಬೇಡ. ಗಾಳಿ ತಾಗಿ ಹಳತಾದ ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳಿಂದ ಅಲರ್ಜಿ ಆಗುವುದು ಹೆಚ್ಚು.

ಟೀ ಟ್ರೀ ನಿಮಗೆ ಬೇಡವೇ ಬೇಡ. ಅದು ಮೊಡವೆಗೆ ಬಳಸುವ ಎಣ್ಣೆ, ಒಣ ಚರ್ಮವನ್ನು ಇನ್ನೂ ಒಣಗಿಸಬಹುದು. ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ, ಅದೂ ಬೇಡ. ಶ್ರೀಗಂಧದ ಎಣ್ಣೆಯನ್ನು ಮೈಸೂರಿನ ಸರ್ಕಾರಿ ಕಾರ್ಖಾನೆ 1916ರಿಂದ ತೆಗೆಯುತ್ತಾ ಬಂದಿದೆ, ಅದರ ಬೆಲೆ ಕಿಲೋಗೆ ಲಕ್ಷದ ಲೆಕ್ಕದಲ್ಲಿ. ಹೀಗಿರುವಾಗ ಕಿಟ್‌ನಲ್ಲಿ ಇನ್ನೂರು ರೂಪಾಯಿಗೆ ಸಿಗುವ ಬಾಟಲಿಯಲ್ಲಿ ಏನಿರುತ್ತದೆ ನೀವೇ ಯೋಚಿಸಿ.

ಮನೆಯಲ್ಲಿ ಚಿಕ್ಕ ಮಗು ಇದ್ದರೆ ಇನ್ನೊಂದು ಮಾತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುವ ರೂಢಿ ಎಷ್ಟೋ ಮನೆಗಳಲ್ಲಿದೆ. ದೊಡ್ಡವರು ಹಚ್ಚಿಕೊಳ್ಳಲಿ, ಮಗುವಿಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ, ಸ್ವಲ್ಪವೇ ಆದರೂ, ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯನ್ನೂ ಮಗುವಿನ ಕೈಗೆ ಸಿಗದಂತೆ ಇಡಿ.

ಹಸಿ ಚರ್ಮಕ್ಕೆ ದಿನಾ ಎಣ್ಣೆ ಹಚ್ಚಿದರೂ ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಕೆಂಪು ಮಚ್ಚೆ, ನೀರು ಸೋರುವುದು, ನಿದ್ದೆ ಕೆಡಿಸುವ ತುರಿಕೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರಿಗೂ ಚರ್ಮ ಹೀಗೆ ಒಣಗುತ್ತದೆ. ಹೋಗುವಾಗ ಈಗ ಹಚ್ಚುತ್ತಿರುವ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ, ಏನೇನು ಹಚ್ಚಿದ್ದೀರಿ ಅಂತ ಅವರು ಕೇಳಿಯೇ ಕೇಳುತ್ತಾರೆ.