ಆಪ್ತಸಲಹೆ ಪ್ರಕರಣ: ಮೂರನೇ ಪ್ಲೇಟಿನ 7 ಮಿಲಿಮೀಟರ್

(ಗುರುತು ಸಿಗದಂತೆ ಊರು, ಕಾಲೇಜು, ಗಿಡದ ಹೆಸರು ಬಿಟ್ಟಿದೆ. ಪ್ರಕಟಿಸಲು ವಿದ್ಯಾರ್ಥಿನಿಯ ಒಪ್ಪಿಗೆ ಇದೆ.)

ಎಂ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರ, ಕೊನೆಯ ಸೆಮಿಸ್ಟರ್. ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಊಟ ಸೇರುತ್ತಿರಲಿಲ್ಲ, ಗೈಡ್ ಫೋನ್ ಮಾಡಿದರೆ ಕೈ ನಡುಗುತ್ತಿತ್ತು. ವೈವಾಕ್ಕೆ ಉಳಿದದ್ದು ಎರಡೇ ವಾರ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲ ಎಂದರು. ಇಲ್ಲಿ ಆಡಿದ ಮಾತು ವಿಭಾಗಕ್ಕೆ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಜವಾದ ವಿಷಯ ಹೊರಬಂತು.

ಪ್ರಾಜೆಕ್ಟು ಒಂದು ಎಲೆಯ ಸಾರ ಸ್ಟೆಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆಯೇ ಎಂದು ಡಿಸ್ಕ್ ವಿಧಾನದಲ್ಲಿ (ಸಾರ ಹೀರಿದ ಚಿಕ್ಕ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲಿಟ್ಟು) ನೋಡುವುದು. ಮೂರು ಪ್ಲೇಟು, ಮೂರು ಝೋನು (ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ವ್ಯಾಸ): 14, 13, 7 ಮಿ.ಮೀ. ಹಾಸ್ಟೆಲಿನ ಸೀನಿಯರ್ ಅಕ್ಕ ಹೇಳಿದ್ದು, "ಒಂದು ನಂಬರ್ ತಾನೇ, 14 ಅಂತ ಹಾಕು, ಯಾರೂ ನೋಡಲ್ಲ." ಹಾಕಿದರು. ಆ ಕೋಷ್ಟಕವಿದ್ದ ಡ್ರಾಫ್ಟು ಗೈಡ್ ಕೈಸೇರಿದ ದಿನದಿಂದಲೇ ನಿದ್ದೆ ಹೋದದ್ದು.

"ದೊಡ್ಡ ವಿಜ್ಞಾನಿಗಳೇ ಬೇಡದ್ದನ್ನು ಬಿಟ್ಟಿದ್ದಾರಲ್ಲ ಮೇಡಂ, ಮಿಲಿಕನ್ ಕೂಡ" ಎಂದರು. ಎಲೆಕ್ಟ್ರಾನಿನ ವಿದ್ಯುದಾವೇಶ ಅಳೆದ ಭೌತವಿಜ್ಞಾನಿ ಮಿಲಿಕನ್ನರ ಎಣ್ಣೆ ಹನಿ ಪ್ರಯೋಗದ ಈ ಉದಾಹರಣೆ ಇಂಥ ಹೊತ್ತಿನಲ್ಲಿ ತಪ್ಪದೆ ಬರುತ್ತದೆ. ಆದರೆ ಮಿಲಿಕನ್ ಮೇಲೆ ಇಂದಿಗೂ ಇರುವ ಆಕ್ಷೇಪ ಹನಿಗಳನ್ನು ಬಿಟ್ಟದ್ದಕ್ಕಿಂತ ಹೆಚ್ಚಾಗಿ, 1913ರ ಲೇಖನದಲ್ಲಿ ಈ 58 ಹನಿಗಳು ಆರಿಸಿದವಲ್ಲ, ಪರೀಕ್ಷಿಸಿದವೆಲ್ಲ ಇವೇ ಎಂದು ಬರೆದದ್ದರ ಬಗ್ಗೆ. ನೋಟ್‌ಬುಕ್ಕಿನಲ್ಲಿ ಇನ್ನೂ ಎಷ್ಟೋ ಹನಿಗಳಿದ್ದವು. ಕಾರಣ ಬರೆದು ಒಂದು ಅಳತೆಯನ್ನು ಬಿಡುವುದಕ್ಕೆ ದಾರಿಯಿದೆ. ಇಲ್ಲದ ಅಳತೆಯನ್ನು ಬರೆಯುವುದಕ್ಕೆ ಇಲ್ಲ.

ಹಾಗಾದರೆ 7 ಅನ್ನು ಬಿಡಬಹುದೇ? ಅದಕ್ಕೆ ಉತ್ತರ ಅದೇ ಪ್ಲೇಟಿನಲ್ಲಿದೆ. ಅಗರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿಯಂಥ ಪದರ) 4 ಮಿ.ಮೀ.ಗಿಂತ ದಪ್ಪವಾದರೆ ಝೋನ್ ಚಿಕ್ಕದಾಗುತ್ತದೆ. ಬ್ಯಾಕ್ಟೀರಿಯಾ ದ್ರವ, ಕದಡಿನ ಪ್ರಮಾಣಿತ ಅಳತೆಯಾದ 0.5 ಮ್ಯಾಕ್‌ಫಾರ್ಲೆಂಡ್‌ಗಿಂತ ಗಾಢವಾದರೂ, ಅದನ್ನು ಹರಡಿ 15 ನಿಮಿಷದೊಳಗೆ ಡಿಸ್ಕ್ ಇಡದೆ ತಡಮಾಡಿದರೂ ಅಷ್ಟೇ. ಈ ಮೂರೂ ತಪ್ಪು ಇಡೀ ಪ್ಲೇಟಿಗೆ ತಟ್ಟುವಂಥವು, ಪಕ್ಕದಲ್ಲಿ ಹೋಲಿಕೆಗೆ (ಕಂಟ್ರೋಲ್) ಇಟ್ಟ ಜೆಂಟಾಮೈಸಿನ್ ಎಂಬ ಪ್ರತಿಜೀವಕದ ಡಿಸ್ಕಿನ ಝೋನೂ ಕುಗ್ಗಿರಬೇಕು. 10 ಮೈಕ್ರೋಗ್ರಾಂ ಜೆಂಟಾಮೈಸಿನ್‌ಗೆ ಈ ಪ್ರಮಾಣಿತ ತಳಿಯಲ್ಲಿ (ಎಟಿಸಿಸಿ 25923) 19ರಿಂದ 27 ಮಿ.ಮೀ. ಬರಬೇಕು. ಅದಕ್ಕಿಂತ ಕಡಿಮೆ ಬಂದಿದ್ದರೆ ಪ್ಲೇಟೇ ಕೆಟ್ಟಿದೆ. ಕಾರಣ ಬರೆದು ಪೂರ್ತಿ ಪ್ಲೇಟನ್ನು ಕೈಬಿಡಬಹುದು, ಸಾರದ ಅಳತೆಯೊಂದನ್ನೇ ಅಲ್ಲ.

ಮುಂದಿನ ಭೇಟಿಗೆ ನೋಟ್‌ಬುಕ್ ತಂದರು. ಕಂಟ್ರೋಲ್ ಝೋನುಗಳು 23, 22, 22. ಪ್ಲೇಟು ಸರಿಯಾಗಿಯೇ ಇದೆ, ಹಾಗಾಗಿ 7 ಉಳಿಯಲೇಬೇಕು. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಸಾಲಿತ್ತು: ಮೂರನೇ ಪ್ಲೇಟಿನ ಸಾರ ಬೇರೆ ದಿನ ಕಿತ್ತ ಎಲೆಯದು. ಅದೇ ಕಾರಣ ಎನ್ನಲು ಒಂದು ಪ್ಲೇಟು ಸಾಲದು. ಆದರೂ 14 ಎಂದು ತಿದ್ದಿದ್ದರಿಂದ ಮರೆಯಾದದ್ದು ಇಡೀ ಪ್ರಾಜೆಕ್ಟಿನ ಒಳ್ಳೆಯ ಪ್ರಶ್ನೆಯೇ. ಡಿಸ್ಕಿನ ವ್ಯಾಸವೇ 6 ಮಿ.ಮೀ. ಇರುವಾಗ 7 ಎಂದರೆ ಆ ಸಾರ ಹೆಚ್ಚುಕಡಿಮೆ ಏನೂ ಮಾಡಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಕೋಷ್ಟಕ: 14, 13, 7, ಸರಾಸರಿ 11.3, ಪ್ರಮಾಣಿತ ವಿಚಲನೆ 3.8. ತಿದ್ದಿದ ಕೋಷ್ಟಕದಲ್ಲಿ ಇದು 13.7 ಮತ್ತು 0.6 ಇತ್ತು. ವಿದ್ಯಾರ್ಥಿಯ ಕೈಯಲ್ಲಿ ಎಲೆಯ ಸಾರ ಅಷ್ಟು ಒಪ್ಪವಾಗಿ ನಡೆದುಕೊಂಡಿತು ಎಂದರೆ ಅನುಭವವಿರುವ ಪರೀಕ್ಷಕರಿಗೆ ಅದೇ ಅನುಮಾನ ಹುಟ್ಟಿಸುತ್ತದೆ. ನೋಟ್‌ಬುಕ್ಕಿನಲ್ಲಿ ವೈಟ್‌ನರ್ ಬೇಡ: ತಪ್ಪಿದ್ದರೆ ಒಂದೇ ಗೆರೆ ಎಳೆದು, ಕೆಳಗಿನದು ಓದುವಂತಿರಲಿ, ಪಕ್ಕದಲ್ಲಿ ದಿನಾಂಕ ಮತ್ತು ಸಹಿ.

ಆಮೇಲೆ ಮರುಪ್ರಯೋಗ. ಹಿಂದಿನ ಸಂಜೆ ಕಲ್ಚರ್, ಮರುದಿನ ಪ್ಲೇಟು, 35 ಡಿಗ್ರಿಯಲ್ಲಿ 16–18 ಗಂಟೆ ಇಟ್ಟು ಓದುವುದು. ಒಂದು ಸುತ್ತಿಗೆ ಮೂರು ದಿನ ಸಾಕು, ಸಮಯವಿದೆ. ಎರಡೂ ದಿನದ ಒಣಗಿಸಿಟ್ಟ ಎಲೆಯಿಂದ ಹೊಸದಾಗಿ ಸಾರ ತೆಗೆದು, ಎರಡನ್ನೂ ಒಂದೇ ದಿನ, ತಲಾ ಮೂರು ಪ್ಲೇಟು. ಇಲ್ಲಿ ಒಂದು ಷರತ್ತು ಗಟ್ಟಿಯಾಗಿ ಹೇಳಬೇಕಾಯಿತು: ಶುರುಮಾಡುವ ಮುಂಚೆಯೇ ಎಷ್ಟು ಪ್ಲೇಟು, ಏನೇನು ವರದಿ ಮಾಡುವುದು ಎಂದು ದಿನಾಂಕ ಹಾಕಿ ಬರೆಯಬೇಕು, ಬಂದದ್ದೆಲ್ಲವನ್ನೂ ಕೊಡಬೇಕು. ಬೇಕಾದ ಅಂಕಿ ಬರುವವರೆಗೆ ಮಾಡಿ ಅಲ್ಲಿಗೆ ನಿಲ್ಲಿಸಿದರೆ ಅದೂ ತಿದ್ದುವುದರ ಇನ್ನೊಂದು ರೂಪವೇ.

ಗೈಡ್ ಹತ್ತಿರ ಹೋಗುವುದೇ ಎಲ್ಲಕ್ಕಿಂತ ಕಷ್ಟ. ಆಡುವ ಮಾತನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿದರು: "ಸರ್, ಡ್ರಾಫ್ಟ್‌ನಲ್ಲಿ ಮೂರನೇ ಓದು 14 ಅಂತ ಹಾಕಿದ್ದೆ, ನೋಟ್‌ಬುಕ್ಕಲ್ಲಿ 7 ಇದೆ. ನಾನೇ ಬದಲಾಯಿಸಿದ್ದು. ಸರಿಯಾದ ಕೋಷ್ಟಕ ತಂದಿದ್ದೀನಿ, ಇನ್ನೊಂದು ಸುತ್ತು ಮಾಡೋಕೆ ಅನುಮತಿ ಬೇಕು." ಅಳು ಬಂದರೆ ಬರಲಿ, ಸೀನಿಯರ್ ಹೆಸರು, "ಗೊತ್ತಿಲ್ಲದೆ ಆಯ್ತು" ಎಂಬ ಮಾತು ಮಾತ್ರ ಬೇಡ. ಅದೇ ದಿನ ಸಂಜೆ ಇದನ್ನೇ ಎರಡು ಸಾಲಿನ ಇಮೇಲ್ ಮಾಡಬೇಕು. ಗೈಡ್ "ಇರಲಿ ಬಿಡು" ಎಂದರೂ 7 ಇರುವ ಸರಿಯಾದ ಕೋಷ್ಟಕವೇ ಪ್ರಬಂಧಕ್ಕೆ ಹೋಗಬೇಕು. ಒತ್ತಾಯ ಬಂದರೆ ಆ ಇಮೇಲ್ ಹಿಡಿದು ವಿಭಾಗದ ಮುಖ್ಯಸ್ಥರ ಬಳಿ.

"ಸಿಮಿಲಾರಿಟಿ 8 ಪರ್ಸೆಂಟ್ ಬಂದಿದೆ, ಅದಕ್ಕೆ ತೊಂದರೆ ಇಲ್ಲ ಅಲ್ವಾ?" ಎಂದೂ ಕೇಳಿದರು. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾವರೆಗೆ ದಂಡವಿಲ್ಲ, ನಿಜ. ಅದು ನಕಲಿನ ಲೆಕ್ಕ. ನಕಲು ಪತ್ತೆಮಾಡುವ ಆ ತಂತ್ರಾಂಶ ಪದಗಳನ್ನು ಹೋಲಿಸುತ್ತದೆ, 7 ಇದ್ದದ್ದು 14 ಆದದ್ದು ಅದಕ್ಕೆ ಕಾಣದು.

ನಿದ್ದೆಗೆ ಮಾತ್ರೆ ಕೇಳಿದ್ದರು. ಎರಡು ವಾರದ ನಂತರವೂ ಹೀಗೇ ಇದ್ದರೆ ವೈದ್ಯರನ್ನು ಕಾಣಲು ಹೇಳಲಾಯಿತು. ಅಲ್ಲಿಯವರೆಗೆ ಸಂಜೆ ಐದರ ಮೇಲೆ ಕಾಫಿ ಇಲ್ಲ, ಹಾಸಿಗೆಗೆ ಲ್ಯಾಪ್‌ಟಾಪ್ ಇಲ್ಲ. ಗೈಡ್ ಗದರಿದರು, ಆಮೇಲೆ ಮರುಪ್ರಯೋಗಕ್ಕೆ ಒಪ್ಪಿದರು. ಎರಡನೇ ದಿನದ ಎಲೆಯ ಮೂರು ಪ್ಲೇಟಿನಲ್ಲೂ ಝೋನ್ 9 ಮಿ.ಮೀ. ದಾಟಲಿಲ್ಲ. ಪ್ರಬಂಧದ ತೀರ್ಮಾನ ಈಗ "ಸಾರ ಪರಿಣಾಮಕಾರಿ" ಎಂದಿಲ್ಲ, ಎಲೆ ಕಿತ್ತ ದಿನಕ್ಕೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ, ಕಾರಣ ಪತ್ತೆಯಾಗಿಲ್ಲ ಎಂದಿದೆ. ಸೀನಿಯರ್ ಜೊತೆ ಒಂದೇ ಕೋಣೆಯಲ್ಲಿ ಇರುವುದು ಹೇಗೆ ಎಂಬುದು ಮುಂದಿನ ಭೇಟಿಯ ವಿಷಯ.