ಕೈತೋಟ ಪ್ರಶ್ನೋತ್ತರ: ಅಂಗೈಯಗಲದ ಬೇಸಿಲ್

ಪ್ರಶ್ನೆ: ದೊಡ್ಡ ಎಲೆಯ ಬೇಸಿಲ್ (ನಮ್ಮ ಕಾಮಕಸ್ತೂರಿಯದೇ ಜಾತಿ) ಬೀಜ ತರಿಸಿ ಜೂನ್‌ನಲ್ಲಿ ಅಂಗಳದ ಪಾತಿಗೆ ಹಾಕಿದ್ದೆ. ಗೇಣುದ್ದ ಬಂತು. ಈಗ ಎಲೆಯೆಲ್ಲ ಹಳದಿ, ಅಡಿಯಲ್ಲಿ ಬೂದಿ ಮೆತ್ತಿದ ಹಾಗಿದೆ. ಯಾವ ಔಷಧಿ ಹೊಡೆಯಲಿ?
– ಓದುಗರು, ಶಿರಸಿ

ಉತ್ತರ: ಯಾವುದೂ ಬೇಡ, ಕಿತ್ತು ಹಾಕಿ. ನೀವು ಹೇಳಿದ್ದು ನೋಡಿದರೆ ಇದು ಡೌನಿ ಮಿಲ್ಡ್ಯೂ ಅನ್ನುವ ಬೂಜು ರೋಗ. ಖಾತ್ರಿ ಮಾಡಿಕೊಳ್ಳಬೇಕಿದ್ದರೆ ಬೆಳಿಗ್ಗೆ ಬೇಗ ಒಂದು ಎಲೆ ಮಗುಚಿ ನೋಡಿ. ಮೇಲ್ಗಡೆ ನರಗಳ ನಡುವೆ ಹಳದಿ, ಕೆಳಗಡೆ ಬೂದು-ನೇರಳೆ ಬೂಜು ಇದ್ದರೆ ಅದೇ. ಹಸಿಹಸಿಯಾಗಿ ತಿನ್ನುವ ಎಲೆಗೆ ವಿಷ ಯಾಕೆ ಹೊಡೀಬೇಕು ಹೇಳಿ? ಕಿತ್ತ ಗಿಡವನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ.

ಜೂನ್‌ನಲ್ಲಿ ಬಿತ್ತಿದ್ದೇ ಎಡವಟ್ಟಾಗಿದೆ. ಈ ತಳಿಯ ಎಲೆ ಕಾಮಕಸ್ತೂರಿ ಎಲೆಯಷ್ಟು ನಯವಾಗಿ ಇರುವುದಿಲ್ಲ. ಮೈಯೆಲ್ಲ ಉಬ್ಬುತಗ್ಗು, ಅಂಚು ಬಾಗಿ ದೊನ್ನೆಯ ಹಾಗೆ. ಅದರಲ್ಲಿ ನಿಂತ ನೀರು ಮಲೆನಾಡಿನ ಮಳೆಗಾಲದಲ್ಲಿ ಆರುವುದು ಯಾವಾಗ? ಬೂಜಿಗೆ ಇನ್ನೇನು ಬೇಕು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಮಳೆ ಹಿಡಿತಕ್ಕೆ ಬಂದ ಮೇಲೆ ಬೇರೆ ಜಾಗದಲ್ಲಿ ಹೊಸದಾಗಿ ಬಿತ್ತಿ.

ಬೀಜ ನೆನೆಸಲು ಹೋಗಬೇಡಿ. ನೀರು ಸೋಕಿದರೆ ಲೋಳೆ ಕಟ್ಟಿಕೊಂಡು ಬೆರಳಿಗೇ ಅಂಟುತ್ತೆ, ಆಮೇಲೆ ಹತ್ತಾರು ಬೀಜ ಒಂದೇ ಕಡೆ ಮುದ್ದೆಯಾಗಿ ಬೀಳುತ್ತವೆ. ಒಣ ಬೀಜವನ್ನೇ ಉದುರಿಸಿ, ಮೇಲೆ ಕಂಡೂ ಕಾಣದಷ್ಟು ಮಣ್ಣು ಹರಡಿ, ನೀರು ಚಿಮುಕಿಸಿ. ವಾರ-ಹತ್ತು ದಿನದಲ್ಲಿ ಮೊಳಕೆ ಬರುತ್ತೆ. ನಾಟಿ ಮಾಡುವಾಗ ಗಿಡದಿಂದ ಗಿಡಕ್ಕೆ ಒಂದಡಿ ಬಿಡಿ. ಮೊದಮೊದಲು ಜಾಗ ಸುಮ್ನೆ ಹಾಳು ಅನ್ನಿಸುತ್ತೆ, ಅನ್ನಿಸಲಿ. ನೀರು ಬೆಳಿಗ್ಗೆ ಹೊತ್ತು, ಬುಡಕ್ಕೆ ಮಾತ್ರ.

ಪ್ರಶ್ನೆ: ಗ್ರಂಥಿಗೆ ಅಂಗಡಿಯ ಕಾಮಕಸ್ತೂರಿ ಬೀಜವನ್ನೇ ಬಿತ್ತಿದರೆ ಆಗಲ್ವಾ? ಪ್ಯಾಕೆಟ್ ಬೀಜ ತುಂಬಾ ದುಬಾರಿ.
– ಓದುಗರು, ಬೆಂಗಳೂರು

ಉತ್ತರ: ಹಳೆಯದಲ್ಲದಿದ್ದರೆ ಧಾರಾಳವಾಗಿ ಹುಟ್ಟುತ್ತೆ, ಜಾತಿಯೂ ಒಂದೇ, ಆಸಿಮಮ್ ಬೆಸಿಲಿಕಮ್. ಆದರೆ ಎಲೆ ಚಿಕ್ಕದು, ಹೂವೂ ಬೇಗ. ಎಷ್ಟೇ ಗೊಬ್ಬರ ಸುರಿದರೂ ಅದು ಅಂಗೈಯಗಲ ಆಗುವುದಿಲ್ಲ, ಯಾಕೆಂದರೆ ಅದು ತಳಿಯ ಗುಣ. ಅಂಗೈಯಗಲದ ಎಲೆ ಬೇಕಿದ್ದರೆ ಲೆಟ್ಯೂಸ್ ಲೀಫ್ ಅಥವಾ ನಾಪೊಲೆಟಾನೊ ಅಂತ ಬರೆದಿರುವ ಬೀಜ ಕೇಳಿ. ಒಂದು ಸಲ ಕೊಂಡರೆ ಆಯಿತು, ಆಮೇಲೆ ಕುಡಿ ಕತ್ತರಿಸಿ ಲೋಟದ ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬರುತ್ತೆ. ಪಕ್ಕದಲ್ಲೇ ಕಾಮಕಸ್ತೂರಿ ಇದ್ದರೆ ಮಾತ್ರ ಬೀಜ ಹಿಡಿಯಬೇಡಿ. ಜೇನುನೊಣ ಎರಡನ್ನೂ ಬೆರೆಸುತ್ತೆ, ಮುಂದಿನ ಸಲ ಏನು ಹುಟ್ಟುತ್ತೋ ಹೇಳೋಕಾಗಲ್ಲ.

ಪ್ರಶ್ನೆ: ತಾರಸಿಯ ಕುಂಡದಲ್ಲಿದೆ. ಮೊದಲು ಎಲೆ ದೊಡ್ಡದಿತ್ತು, ಈಗ ಬರುವುದೆಲ್ಲ ಸಣ್ಣ ಎಲೆ, ತುದಿಯಲ್ಲಿ ತೆನೆ. ಗಿಡ ನೋಯುತ್ತದೆ ಅಂತ ಒಂದೊಂದೇ ಎಲೆ ಕೀಳುತ್ತೇನೆ.
– ಓದುಗರು, ಮೈಸೂರು

ಉತ್ತರ: ಆ ಕರುಣೆಯೇ ತೊಂದರೆ. ಹೂವಿನ ತೆನೆ ಬಂದರೆ ಗಿಡದ ಗಮನವೆಲ್ಲ ಬೀಜದ ಕಡೆಗೆ, ಎಲೆ ಸಣ್ಣದಾಗುತ್ತೆ, ರುಚಿಯೂ ಕೆಡುತ್ತೆ. ಮೂರ್ನಾಲ್ಕು ಜೊತೆ ಎಲೆ ಬಂದ ಕೂಡಲೇ ತುದಿ ಚಿವುಟಬೇಕಿತ್ತು. ಪರವಾಗಿಲ್ಲ, ಈಗಲೂ ಮಾಡಬಹುದು. ಎದುರುಬದುರು ಎಲೆ ಇರುವ ಗೆಣ್ಣು ನೋಡಿಕೊಂಡು ಅದರ ಮೇಲೆ ಕತ್ತರಿಸಿದರೆ ಎರಡೂ ಕಂಕುಳಿಂದ ಕುಡಿ ಒಡೆಯುತ್ತವೆ. ಮೂರನೇ ಒಂದು ಭಾಗ ತೆಗೆದರೂ ಗಿಡ ಸಾಯಲ್ಲ. ಕುಂಡ ಹನ್ನೆರಡು ಇಂಚಿಗಿಂತ ಚಿಕ್ಕದಿದ್ದರೆ ಬದಲಾಯಿಸಿ, ದಿನಕ್ಕೆ ಆರು ಗಂಟೆ ಬಿಸಿಲು ಬೀಳಲಿ. ಎರೆಗೊಬ್ಬರ ಸಾಕು. ಯೂರಿಯಾ ಹಾಕಿದರೆ ಎಲೆ ಬರುತ್ತೆ, ಘಮ ಹೋಗುತ್ತೆ.

ಪ್ರಶ್ನೆ: ಎಲೆ ಫ್ರಿಜ್‌ನಲ್ಲಿಟ್ಟರೆ ಕಪ್ಪಾಗುತ್ತದೆ, ಯಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಎಲೆಗೆ ಚಳಿ ಆಗಿಬರಲ್ಲ. 10 ಡಿಗ್ರಿಗಿಂತ ಕೆಳಗಿಳಿದರೆ ಕಪ್ಪಾಗುತ್ತೆ, ಫ್ರಿಜ್ ಅದಕ್ಕಿಂತ ತಣ್ಣಗಿರುತ್ತೆ ಅಲ್ವಾ. ದಂಟಿನ ಸಮೇತ ಲೋಟದ ನೀರಿನಲ್ಲಿ ಅಡುಗೆಮನೆ ಕಟ್ಟೆಯ ಮೇಲೇ ಇಡಿ. ಜಾಸ್ತಿ ಇದ್ದರೆ ಎಣ್ಣೆ ಹಾಕಿ ರುಬ್ಬಿ ಫ್ರೀಜರ್‌ಗೆ ಹಾಕಿ. ದೊಡ್ಡ ಎಲೆಯ ಘಮ ಮಾಮೂಲಿ ಬೇಸಿಲ್‌ಗಿಂತ ಸೌಮ್ಯ, ಹಾಗಾಗಿ ಚಟ್ನಿಗೆ ಒಂದು ಹಿಡಿ ಜಾಸ್ತಿಯೇ ಬೇಕಾಗುತ್ತೆ.